ಪಿಂಗಾಣಿ ಮರ್ಯಾದೆ

ಭಾನುವಾರ ಬಂತೆಂದರೆ ಚೆಲುವರಾಜು ಎರಡು ಸಲ ಸ್ನಾನ ಮಾಡುತ್ತಿದ್ದ. ಬೆಳಿಗ್ಗೆ ಒಂದು. ಮಧ್ಯಾಹ್ನ ಗೋಷ್ಠಿಗೆ ಹೊರಡುವ ಮುಂಚೆ ಇನ್ನೊಂದು. ಎರಡನೆಯದಕ್ಕೆ ಗಂಧದ ಸೋಪು. ಅವನ ಮೈಗೆ ವಾಸನೆ ಇರಲಿಲ್ಲ. ಇದ್ದದ್ದು ಹೆದರಿಕೆ. ಅದು ಸೋಪಿಗೆ ಹೋಗುವಂಥದ್ದಲ್ಲ ಎಂದು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿದವನಿಗೆ ತಿಳಿಯಬೇಕಿತ್ತು. ಆದರೂ ಉಜ್ಜುತ್ತಿದ್ದ.

"ಚರ್ಮ ಸುಲಿದೋಗ್ತದೆ, ಸಾಕು ಬುಡ್ಲಾ," ಎನ್ನುತ್ತಿದ್ದಳು ಅವನ ಅವ್ವ ಪುಟ್ಟತಾಯಮ್ಮ.

ಕೆಸರೆಯ ಅವರ ಕೇರಿಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ. ಸೋದರಮಾವ ಬೀರಯ್ಯ ಹುಡುಗ ಅಮಲ್ದಾರನಾಗಿ ಬರುತ್ತಾನೆಂದು ಕಾದಿದ್ದ. ಹುಡುಗ ತತ್ತ್ವಶಾಸ್ತ್ರ ಹಿಡಿದುಕೊಂಡು ಬಂದ.

"ಅದು ಓದುದ್ರೆ ಏನಾಯ್ತದೆ?" ಎಂದು ಬೀರಯ್ಯ ಕೇಳಿದ್ದ.

"ಸತ್ಯ ಅಂದ್ರೇನು, ಚೆಲುವು ಅಂದ್ರೇನು ಅಂತ ಗೊತ್ತಾಗ್ತದೆ ಮಾವ."

ಬೀರಯ್ಯ ಬೀಡಿ ಮುಗಿಯುವವರೆಗೂ ಯೋಚಿಸಿ, "ಗೊತ್ತಾದ ಮ್ಯಾಲೆ?" ಎಂದ. ಚೆಲುವರಾಜು ಆ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಲೇ ಇದ್ದ. ಲೈಬ್ರರಿಯಲ್ಲಿ ಸಿಕ್ಕಿರಲಿಲ್ಲ.

ಅವ್ವನದು ಮುನಿಸಿಪಾಲಿಟಿ ಕೆಲಸ. ಹಾಗೆಂದರೆ ಕೇಳುವುದಕ್ಕೆ ಮರ್ಯಾದೆಯಾಗಿರುತ್ತದೆ. ಕೆಲಸ ಇಷ್ಟೇ. ಕೃಷ್ಣಮೂರ್ತಿಪುರಂನ ಮನೆಗಳ ಬೆನ್ನಿಗೆ ಓಣಿಗಳಿವೆ. ಎರಡು ಸಾಲು ಹಿತ್ತಿಲಗೋಡೆಗಳ ನಡುವೆ ಒಬ್ಬರು ನಡೆಯುವಷ್ಟು ಜಾಗ. ಪ್ರತಿ ಮನೆಯ ಕಕ್ಕಸಿಗೂ ಆ ಓಣಿಯ ಕಡೆ ಒಂದು ತಗಡಿನ ಬಾಗಿಲು. ಅದನ್ನು ಎತ್ತಬೇಕು. ಬಗ್ಗಬೇಕು. ಒಳಗಿನ ಡಬ್ಬ ಎಳೆಯಬೇಕು. ಕೆರೆದು ಬುಟ್ಟಿಗೆ ತುಂಬಬೇಕು. ಬೂದಿ ಎರಚಬೇಕು. ತಲೆಯ ಮೇಲೆ ಸಿಂಬೆ ಇಟ್ಟು, ಸಿಂಬೆಯ ಮೇಲೆ ಬುಟ್ಟಿ ಹೊತ್ತು, ಓಣಿಯ ತುದಿಯ ಗಾಡಿಗೆ ಸುರಿಯಬೇಕು. ಮಳೆಗಾಲದಲ್ಲಿ ಬುಟ್ಟಿ ಸೋರುತ್ತದೆ. ಸೋರಿದ್ದು ಹಣೆಗೆ ಇಳಿಯುತ್ತದೆ. ಕೈಯೆರಡೂ ಮೇಲಿರುವುದರಿಂದ ಒರೆಸಿಕೊಳ್ಳಲು ಆಗುವುದಿಲ್ಲ. ತುಟಿ ಬಿಗಿಹಿಡಿದು ನಡೆಯಬೇಕು. ಹಾಗೆ ನಡೆದೇ ಅವಳು ಮಗನನ್ನು ಎಂ.ಎ. ಓದಿಸಿದ್ದಳು.

ಆ ಓಣಿಗೆ ಹೆಸರಿಲ್ಲ. ಮನೆಗಳ ಹಿಂಭಾಗದಲ್ಲಿ ಹೆಸರಿನ ಹಲಗೆಯನ್ನು ಯಾರೂ ಹಾಕಿಸುವುದಿಲ್ಲ. ಓಣಿಯಲ್ಲಿ ಬುಟ್ಟಿ ಹೊರುವ ಹೆಂಗಸರು ಮನೆಗಳನ್ನು ಬೆನ್ನಿನಿಂದಲೇ ಗುರುತಿಸುತ್ತಿದ್ದರು. ಕೀಲು ಕಿತ್ತ ಬಾಗಿಲ ಮನೆ. ನಾಯಿ ಮನೆ. ಪಾರಿಜಾತದ ಮನೆ. ಮುಂದಿನಿಂದ ಆ ಮನೆ ಹೇಗಿದೆ, ಯಾರದು, ಅವರು ಏನು ಕೆಲಸದವರು, ಪುಟ್ಟತಾಯಮ್ಮನಿಗೆ ಗೊತ್ತಿರಲಿಲ್ಲ. ಆ ಮುಂದಿನ ಬೀದಿಯಲ್ಲಿ ಅವಳು ಯಾವತ್ತೂ ನಡೆದಿರಲಿಲ್ಲ.

ಅವಳ ಮಗ ನಡೆದದ್ದು ಮುಂದಿನ ಬೀದಿಯಲ್ಲಿ ಮಾತ್ರ.

ಪ್ರೊಫೆಸರ್ ಅನಂತಪದ್ಮನಾಭ ಅವರ ಮನೆ ಅಲ್ಲೇ ಇತ್ತು. ಪ್ರತಿ ಭಾನುವಾರ ಸಂಜೆ ಅವರ ಹಜಾರದಲ್ಲಿ ಸೌಂದರ್ಯ ಮೀಮಾಂಸೆಯ ಗೋಷ್ಠಿ. ಏಳೆಂಟು ಜನ ಬರುತ್ತಿದ್ದರು. ರಿಟೈರಾದ ವೆಂಕಟಸುಬ್ಬಯ್ಯನವರು ತಪ್ಪದೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ನಡುವೆ ಒಂದು ಕಂಚಿನ ತಟ್ಟೆಯಲ್ಲಿ ನೀರು, ನೀರಿನ ಮೇಲೆ ತೇಲುವ ಹೂವು. ಪ್ರೊಫೆಸರರು ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಚೆಲುವರಾಜು ಅವರನ್ನು ಬೈದುಕೊಂಡು ಸುಖವಾಗಿ ಇರಬಹುದಿತ್ತು. ಅವರು ಅವನಿಗೆ ತಮ್ಮ ಪುಸ್ತಕ ಕೊಡುತ್ತಿದ್ದರು. ಹೆಸರಿನ ಮುಂದೆ ಗೌರವ ಸೇರಿಸಿ ಮಾತಾಡುತ್ತಿದ್ದರು. ಮೊದಲ ದಿನವೇ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದ್ದರು.

"ಸಂವಿಧಾನ ಬಂದು ಇಷ್ಟು ವರ್ಷ ಆಯ್ತು. ನಮ್ಮ ಹಜಾರಕ್ಕೆ ಇವತ್ತು ಬಂತು ನೋಡಿ," ಎಂದು ಎಲ್ಲರಿಗೂ ಹೇಳಿದ್ದರು. ಎಲ್ಲರೂ ಚೆಲುವರಾಜುವನ್ನು ಸಂವಿಧಾನ ನೋಡುವಂತೆ ನೋಡಿದ್ದರು. ಅವನು ಉಬ್ಬಿಹೋಗಿದ್ದ.

"ತಾಯಿ ಏನು ಮಾಡ್ತಾರೆ?" ಎಂದು ವೆಂಕಟಸುಬ್ಬಯ್ಯನವರು ಕೇಳಿದ್ದರು.

"ಆರೋಗ್ಯ ಇಲಾಖೆಯಲ್ಲಿದ್ದಾರೆ, ಸಾರ್."

"ಓ, ನರ್ಸಮ್ಮ."

ಅವನು ಹೌದು ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. ತರ್ಕಶಾಸ್ತ್ರದಲ್ಲಿ ಅದಕ್ಕೊಂದು ಹೆಸರಿರಬೇಕು ಎಂದು ಯೋಚಿಸುತ್ತ ತಲೆ ತಗ್ಗಿಸಿಕೊಂಡ. ಕನ್ನಡದಲ್ಲಿ ಅದಕ್ಕೆ ಹೇಡಿತನ ಎನ್ನುತ್ತಾರೆ.

ಗೋಷ್ಠಿಯಲ್ಲಿ ಕಾಫಿ ಬರುತ್ತಿತ್ತು. ಎಲ್ಲರಿಗೂ ಕಲಾಯಿ ಮಾಡಿಸಿದ ಹಿತ್ತಾಳೆ ಲೋಟ. ಚೆಲುವರಾಜುವಿಗೆ ಮಾತ್ರ ಪಿಂಗಾಣಿ ಕಪ್ಪು. ಬಿಳಿ ಪಿಂಗಾಣಿ, ಸುತ್ತ ನೀಲಿ ಹೂವು, ಹಿಡಿಯ ತುದಿ ಚೂರು ಮುರಿದದ್ದು. ಪ್ರೊಫೆಸರರ ಹೆಂಡತಿ ಒಳಬಾಗಿಲ ಹೊಸ್ತಿಲ ಮೇಲೆ ಅದನ್ನು ಇಟ್ಟು ಹೋಗುತ್ತಿದ್ದರು. ಅವನು ಎದ್ದು ಹೋಗಿ ತೆಗೆದುಕೊಳ್ಳುತ್ತಿದ್ದ. ಕುಡಿದು ತೊಳೆದು ಅಲ್ಲೇ ಇಡುತ್ತಿದ್ದ. ತೊಳೆಯುವುದು ಅವನಿಗೆ ವಿಚಿತ್ರ ಅನ್ನಿಸಲಿಲ್ಲ. ವಿದ್ಯಾರ್ಥಿಯ ವಿನಯ ಎಂದುಕೊಂಡ.

ಕಪ್ಪಿನ ಬಗ್ಗೆ ಅವನು ಬಹಳ ಯೋಚಿಸಿದ. ಉಳಿದವರಿಗೆಲ್ಲ ಹಳ್ಳಿಗಾಡಿನ ಲೋಟ, ನನಗೆ ಮಾತ್ರ ಇಂಗ್ಲಿಷರ ಕಪ್ಪು. ನಾನು ಜರ್ಮನಿಯ ತತ್ತ್ವಜ್ಞಾನಿಗಳನ್ನು ಓದಿಕೊಂಡಿದ್ದೇನೆಂದು ಅಮ್ಮಾವ್ರಿಗೂ ತಿಳಿದಿರಬೇಕು. ಅದೇ ತೀರ್ಮಾನ. ಮೈಸೂರು ಸೀಮೆಯಲ್ಲಿ ಆ ಕಪ್ಪಿನ ಅರ್ಥ ತಿಳಿಯದ ಹರಿಜನ ಇನ್ನೊಬ್ಬ ಇದ್ದಿರಲಾರ. ಮಡಿವಂತರ ಅಡುಗೆಮನೆಗೆ ಪಿಂಗಾಣಿ ಹೋಗುವುದಿಲ್ಲ. ಹುಣಿಸೆಹಣ್ಣು ಹಾಕಿ ಬೆಳಗಿದರೆ ಲೋಟದ ಮೈಲಿಗೆ ಹೋಗುತ್ತದೆ, ಪಿಂಗಾಣಿಯದು ಹೋಗುವುದಿಲ್ಲ. ಆದ್ದರಿಂದ ಅದು ಹೊರಗಿನವರಿಗೆ. ಕೇರಿಯ ಕೂಸಿಗೂ ಗೊತ್ತಿದ್ದ ಸಂಗತಿ. ಹೆಚ್ಚು ಓದಿದ್ದರಿಂದ ಅವನಿಗೆ ಮರೆತುಹೋಗಿತ್ತು.

ಅಷ್ಟೇ ಆಗಿದ್ದರೆ ಹೇಗೋ ಸಾಗಿಹೋಗುತ್ತಿತ್ತು. ಅವನು ಆ ಕಪ್ಪಿನ ಮೇಲೆ ಪ್ರಬಂಧ ಬರೆದ.

"ಸೌಂದರ್ಯ ಮತ್ತು ಸಮುದಾಯ" ಅದರ ಹೆಸರು. ಚೆಂದದ್ದನ್ನು ನಾವು ಯಾವ ಲಾಭದ ಆಸೆಯೂ ಇಲ್ಲದೆ ಮೆಚ್ಚುತ್ತೇವೆ. "ಇದು ಚೆನ್ನಾಗಿದೆ" ಎಂದು ಒಬ್ಬ ಹೇಳಿದಾಗ ಅವನು ತನಗೊಬ್ಬನಿಗೆ ಹೇಳಿಕೊಳ್ಳುವುದಿಲ್ಲ. ಲೋಕವೆಲ್ಲ ಹೂಂಗುಟ್ಟಲಿ ಎಂದು ಬಯಸುತ್ತಾನೆ. ಹಾಗೆ ಹೂಂಗುಟ್ಟುವವರೇ ಸಹೃದಯರು. ಸಹೃದಯರು ಸೇರಿದ್ದೇ ಸಮುದಾಯ. ಆ ಸಮುದಾಯ ಹುಟ್ಟಿದ ಕಡೆ ರಾಜಕೀಯ ತಾನಾಗಿ ಶುದ್ಧವಾಗುತ್ತದೆ. ಇದಕ್ಕೆ ಉದಾಹರಣೆ, ನೀಲಿ ಹೂವಿನ ಒಂದು ಪಿಂಗಾಣಿ ಕಪ್ಪು. ಹಿಡಿ ಮುರಿದದ್ದಕ್ಕೂ ಅವನು ಅರ್ಧ ಪುಟ ಕೊಟ್ಟಿದ್ದ. ಅಪೂರ್ಣತೆಯ ಚೆಲುವು, ಎಂದು.

ಪ್ರೊಫೆಸರರು ಓದಿ ಕಣ್ಣು ಒದ್ದೆ ಮಾಡಿಕೊಂಡರು. "ಮುಂದಿನ ಭಾನುವಾರ ಇದನ್ನು ಓದಿ. ಪ್ರಿನ್ಸಿಪಾಲ್ ವೃಷಭೇಂದ್ರಪ್ಪನವರನ್ನು ಕರೆಸ್ತೀನಿ. ಅವರ ಕಾಲೇಜಿನಲ್ಲಿ ಟ್ಯೂಟರ್ ಜಾಗ ಖಾಲಿ ಇದೆ. ನಾನು ಒಂದು ಮಾತು ಹೇಳಿದರೆ ಸಾಕು," ಎಂದರು.

ಚೆಲುವರಾಜುವಿಗೆ ನೆಲ ಕಾಣಲಿಲ್ಲ. ಟ್ಯೂಟರ್ ಕೆಲಸ ಸಿಕ್ಕರೆ ಅವ್ವನ ತಲೆಯಿಂದ ಬುಟ್ಟಿ ಇಳಿಯುತ್ತದೆ. ಅವನು ಓದಿದ್ದೆಲ್ಲ ಅದೊಂದಕ್ಕೆ. ಅಗ್ರಹಾರ, ಮಾರ್ಕೆಟ್ಟು ಎಲ್ಲ ಹೇಗೆ ದಾಟಿದನೋ, ಕೆಸರೆ ಬಂದದ್ದೇ ತಿಳಿಯಲಿಲ್ಲ. ಅಲ್ಲಿಯವರೆಗೆ ಗೋಷ್ಠಿಯ ವಿಷಯ ಮನೆಯಲ್ಲಿ ಬಾಯಿಬಿಡದವನು ಅವತ್ತು ಒಲೆಯ ಮುಂದೆ ಕೂತು ಎಲ್ಲ ಹೇಳಿದ. ಕೆಲಸದ ಸುದ್ದಿ ಹೇಳಿದ. ಪ್ರಬಂಧದ ಸುದ್ದಿ ಹೇಳಿದ. ಕೊನೆಗೆ ಕಪ್ಪಿನ ಸುದ್ದಿ.

"ಎಲ್ರಿಗೂ ಲೋಟ ಕಣವ್ವ. ನಂಗೊಬ್ಬನಿಗೆ ಪಿಂಗಾಣಿ ಕಪ್ಪು. ನೀಲಿ ಹೂವಿಂದು."

ಪುಟ್ಟತಾಯಮ್ಮ ಮುದ್ದೆ ತಿರುವುತ್ತಿದ್ದಳು. ಕೋಲು ನಿಂತಿತು.

"ಹಿಡಿ ಮುರಿದದಾ?"

"ಹ್ಞೂ. ಚೂರು."

"ತಳದಾಗೆ ಕೂದ್ಲೆಳೆಯಂಗೆ ಒಂದು ಬಿರುಕದಾ?"

ಆ ಬಿರುಕನ್ನೂ ಅವನು ಪ್ರಬಂಧದಲ್ಲಿ ಸೇರಿಸಿದ್ದ.

"ಆ ಮನೆ ಹಿಂದ್ಗಡೆ ಪಾರಿಜಾತದ ಗಿಡ ಅದಾ?"

"ನಾನ್ ಹಿಂದೆ ನೋಡಿಲ್ಲ," ಎಂದ. ಅಷ್ಟರಲ್ಲಿ ಕಂಚಿನ ತಟ್ಟೆಯ ಹೂವು ನೆನಪಾಯಿತು. ಬಿಳಿ ಎಸಳು, ಕೇಸರಿ ತೊಟ್ಟು. ನಮ್ಮ ಹಿತ್ತಿಲ ಪಾರಿಜಾತ, ಎಂದು ಪ್ರೊಫೆಸರರು ಎಷ್ಟು ಸಲ ಹೇಳಿಲ್ಲ.

"ಅದು ನನ್ ಕಪ್ಪು ಕಣ್ಲಾ," ಎಂದಳು ಅವ್ವ. "ಗೋಡೆ ಗೂಡಲ್ಲಿ ಮಡಗಿರ್ತಾರೆ. ಕೆಲ್ಸ ಆದ್ಮೇಲೆ ಆಯಮ್ಮ ಮೇಲಿಂದ ಕಾಫಿ ಉಯ್ತದೆ. ಕುಡ್ದು ತೊಳ್ದು ಅಲ್ಲೇ ಮಡಗ್ತೀನಿ."

ಬೆಳಿಗ್ಗೆ ಓಣಿಯಲ್ಲಿ ತಾಯಿ. ಸಂಜೆ ಹಜಾರದಲ್ಲಿ ಮಗ. ಒಂದೇ ಕಪ್ಪು. ಒಂದೇ ಮನೆ. ಅವಳಿಗೆ ಅದರ ಬೆನ್ನು ಗೊತ್ತು, ಅವನಿಗೆ ಮುಖ ಗೊತ್ತು. ಯುಗಾದಿಯಿಂದ ದೀಪಾವಳಿಯವರೆಗೆ ಇಬ್ಬರೂ ಆ ಮನೆಗೆ ಹೋಗಿ ಬಂದು, ಒಂದೇ ಒಲೆಯ ಮುಂದೆ ಉಂಡು ಮಲಗಿದ್ದರು.

ಚೆಲುವರಾಜು ಮೊದಲು ವಾದ ಮಾಡಿದ. ಎರಡು ಕಪ್ಪುಗಳು ಇರಬಹುದು. ಒಂದೇ ತೆರನಾದ ವಸ್ತುಗಳು ಒಂದೇ ವಸ್ತು ಆಗಬೇಕಿಲ್ಲ. ಅವ್ವ ಕೇಳಿಸಿಕೊಂಡಳು. ಆಮೇಲೆ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು ಮೈ ಕುಲುಕುವ ಹಾಗೆ ನಕ್ಕಳು. ಅವನಿಗೂ ನಗು ಬಂತು. ಇಬ್ಬರೂ ನಕ್ಕು ಮುಗಿದ ಮೇಲೆ ಅವಳು ಕಣ್ಣು ಒರೆಸಿಕೊಳ್ಳುತ್ತ ಕೇಳಿದಳು.

"ನಾನೇನ್ ಕೆಲ್ಸ ಮಾಡ್ತೀನಿ ಅಂತ ಹೇಳಿದ್ದೀಯ ಅಲ್ಲಿ?"

ಅವನು ಒಲೆಯ ಸೌದೆಯನ್ನು ಒಳಗೆ ತಳ್ಳಿದ. ಅವಳಿಗೆ ತಿಳಿಯಿತು. ಮುದ್ದೆ ತಣ್ಣಗಾಯಿತು.

ಆ ವಾರ ಚೆಲುವರಾಜು ಬಂಡಾಯಗಾರನಾದ. ಪ್ರಬಂಧದ ಕೊನೆಯ ಪುಟ ಹರಿದು ಹೊಸದಾಗಿ ಬರೆದ. ಕಾಫಿ ಬಂದಾಗ ಎದ್ದು ನಿಲ್ಲುತ್ತೇನೆ. ಕಪ್ಪನ್ನು ಮೇಲೆತ್ತುತ್ತೇನೆ. ಮಹನೀಯರೇ, ಇದು ಯಾರ ಕಪ್ಪು ಗೊತ್ತೇ, ಎನ್ನುತ್ತೇನೆ. ಗುಡಿಸಲ ಗೋಡೆಯ ಕನ್ನಡಿಯ ಮುಂದೆ ಖಾಲಿ ಕೈ ಎತ್ತಿ ಅಭ್ಯಾಸ ಮಾಡಿದ. ಬೀರಯ್ಯ ಬಾಗಿಲಲ್ಲಿ ನಿಂತು ನೋಡಿ, "ಕಂಪ್ನಿ ನಾಟ್ಕನಾ?" ಎಂದು ಕೇಳಿ ಹೋದ.

ಬರೆದದ್ದನ್ನು ಓದಿಕೊಂಡಾಗ ಟ್ಯೂಟರ್ ಜಾಗ ನೆನಪಾಯಿತು. ಅವ್ವನ ಹಣೆ ನೆನಪಾಯಿತು. ಹರಿದ ಪುಟವನ್ನು ಅಂಟಿಸಿ ಅದನ್ನೂ ಇಟ್ಟುಕೊಂಡ. ಭಾನುವಾರ ಹೊರಟಾಗ ಎಡಜೇಬಿನಲ್ಲಿ ಕ್ರಾಂತಿ ಇತ್ತು, ಬಲಜೇಬಿನಲ್ಲಿ ಕೆಲಸ. ಕಪ್ಪು ಕೈಗೆ ಬಂದಾಗ ಯಾವುದು ತೋಚುತ್ತದೋ ಅದು ಎಂದುಕೊಂಡ. ಇಂಥ ವೀರ ಅವನು. ಅವ್ವ ಬಾಗಿಲವರೆಗೂ ಬಂದು ಅಂಗಿಯ ಕಾಲರು ಸರಿಮಾಡಿದಳು. ಅವಳ ಮುಖದಲ್ಲಿ ಏನೋ ಒಂದು ಇತ್ತು. ಅವನಿಗೆ ಅದನ್ನು ನೋಡುವ ಪುರಸೊತ್ತು ಇರಲಿಲ್ಲ.

ಹಜಾರ ತುಂಬಿತ್ತು. ಪ್ರಿನ್ಸಿಪಾಲ್ ವೃಷಭೇಂದ್ರಪ್ಪನವರು ಜರಿಪೇಟದಲ್ಲಿ ಬಂದು ಕೂತಿದ್ದರು. ತಟ್ಟೆಯಲ್ಲಿ ಪಾರಿಜಾತ ತೇಲುತ್ತಿತ್ತು. ಕಾಫಿ ಬಂತು. ಲೋಟಗಳು ಒಂದೊಂದಾಗಿ ಎಲ್ಲರ ಮುಂದೆ ಬಂದವು. ಚೆಲುವರಾಜು ಹೊಸ್ತಿಲ ಕಡೆ ನೋಡಿದ. ಹೊಸ್ತಿಲ ಮೇಲೆ ಏನೂ ಇರಲಿಲ್ಲ.

ಒಳಬಾಗಿಲ ಹಿಂದಿನಿಂದ ಬಳೆ ಸದ್ದಾಯಿತು. ಪ್ರೊಫೆಸರರು ಎದ್ದು ಹೋಗಿ ಕಿವಿಗೊಟ್ಟು ಬಂದರು. ಮುಖ ಸಪ್ಪಗಿತ್ತು.

"ಚೆಲುವರಾಜು ಅವರೇ, ಕಾಫಿ ಆಮೇಲೆ ಆಗಬಹುದಲ್ಲ. ಮೊದಲು ಪ್ರಬಂಧ ಓದಿಬಿಡಿ."

"ಕುಡಿದೇ ಓದಲಿ ಬಿಡ್ರಿ, ಗಂಟಲು ಒಣಗುತ್ತೆ," ಎಂದರು ವೃಷಭೇಂದ್ರಪ್ಪನವರು. ಅವರಿಗೆ ಏನೂ ಗೊತ್ತಿರಲಿಲ್ಲ.

"ಅದೂ... ಇವರ ಕಪ್ಪು ಇವತ್ತು ಬೆಳಿಗ್ಗೆ ಒಡೆದುಹೋಯಿತಂತೆ."

ಚೆಲುವರಾಜುವಿನ ಕೈ ಎಡಜೇಬಿನ ಮೇಲಿತ್ತು. ಮೇಲೆತ್ತಲು ಕಪ್ಪೇ ಇಲ್ಲ. ಭಾಷಣವೆಲ್ಲ ಕಪ್ಪಿನ ಮೇಲೆ ನಿಂತಿತ್ತು. ಅವನು ಬಾಯಿ ತೆರೆದ. ಕನ್ನಡಿಯ ಮುಂದೆ ಹೇಳಿದ ಒಂದು ಮಾತೂ ಬರಲಿಲ್ಲ. ಬಂದದ್ದು ಇಷ್ಟು.

"ಲೋಟದಲ್ಲೇ ಕೊಡಿ, ಸಾರ್."

ವೃಷಭೇಂದ್ರಪ್ಪನವರು ತಮ್ಮ ಲೋಟವನ್ನು ನೋಡಿಕೊಂಡರು. ಪ್ರೊಫೆಸರರು ತೇಲುವ ಹೂವನ್ನು ನೋಡಿದರು.

"ನನಗೇನೂ ಇಲ್ಲ, ನಿಮಗೆ ಗೊತ್ತಲ್ಲ," ಎಂದರು ಮೆಲ್ಲಗೆ. "ಒಳಗಿನವರು ಸ್ವಲ್ಪ ಹಳೇ ಕಾಲದವರು. ಅವರ ಮನಸ್ಸನ್ನೂ ನೋಯಿಸಬಾರದು. ಬಲವಂತದಿಂದ ಸಮುದಾಯ ಆಗೋದಿಲ್ಲ."

"ಒಂದು ಕಾಫಿಗೋಸ್ಕರ ರಸಭಂಗ ಯಾಕೆ," ಎಂದರು ವೆಂಕಟಸುಬ್ಬಯ್ಯನವರು. ಅವರ ಲೋಟ ಖಾಲಿಯಾಗಿತ್ತು.

"ಯಾರು ಒಡೆದದ್ದು, ಸಾರ್?"

"ಹಿಂದೆ ಬರ್ತಾಳಲ್ಲ, ಕಕ್ಕಸಿನವಳು. ಬೇಕಂತಲೇ ಕಲ್ಲಿಗೆ ಬಡಿದಳಂತೆ. ಏನು ಬಂತೋ ಅವಳಿಗೆ."

ಚೆಲುವರಾಜು ಎದ್ದು ನಿಂತ. ಅವನಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು. ವಾರವೆಲ್ಲ ಅವನು ಪುಟ ಬರೆದು ಹರಿದು ಅಂಟಿಸುತ್ತಿದ್ದಾಗ ಅವಳು ಕೈ ಎತ್ತಿ ಕಲ್ಲಿಗೆ ಬಡಿದಿದ್ದಳು.

"ಅವಳು ಅನ್ನಬೇಡಿ ಸಾರ್. ಅವರ ಹೆಸರು ಪುಟ್ಟತಾಯಮ್ಮ. ನಮ್ಮವ್ವ." ಆಮೇಲೆ ವೆಂಕಟಸುಬ್ಬಯ್ಯನವರ ಕಡೆ ತಿರುಗಿದ. "ಆರೋಗ್ಯ ಇಲಾಖೆ ಅಂದಿದ್ದೆನಲ್ಲ ಸಾರ್. ಅದೇ ಇದು. ನಾನು ಬೊಗಳಿದ್ದು."

ಮುಂಬಾಗಿಲಿಗೆ ಹೋಗುವುದು ಸುಲಭವಿತ್ತು. ಅವನು ಒಳಬಾಗಿಲ ಕಡೆ ತಿರುಗಿದ. ಹೊಸ್ತಿಲು ದಾಟಿದ. ನಡುಮನೆ ದಾಟಿದ. ಅಡುಗೆಮನೆಯ ಮುಂದೆ ಅಮ್ಮಾವ್ರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅವರೂ ಹೆದರಿದ್ದರು. ಅವನು ಯಾವುದನ್ನೂ ಮುಟ್ಟಲಿಲ್ಲ. ನಡೆದ, ಅಷ್ಟೇ. ಬಚ್ಚಲು, ಬಾವಿ, ಪಾರಿಜಾತದ ಗಿಡ. ಹಿತ್ತಿಲ ಬಾಗಿಲ ಚಿಲಕ ತೆಗೆದು ಓಣಿಗೆ ಇಳಿದ. ಆ ಮನೆಯ ಮುಖದಿಂದ ಬೆನ್ನಿನವರೆಗೆ ಕೆಸರೆಯ ಕೇರಿಯವರೊಬ್ಬರು ನಡೆದದ್ದು ಅದೇ ಮೊದಲು. ಹಿಂದೆ ಯಾರೋ ನೆಲ ತೊಳೆಯೋಕೆ ನೀರು ತನ್ನಿ ಎನ್ನುತ್ತಿದ್ದರು.

ಓಣಿಯಲ್ಲಿ ನಿಂತು ಎದೆಯುಬ್ಬಿಸಿದ. ಹೆಜ್ಜೆ ಇಟ್ಟ. ಅಂಗಾಲಿಗೆ ಏನೋ ಚುಚ್ಚಿತು. ನೀಲಿ ಹೂವಿನ ಚೂರು. ಆಗ ನೆನಪಾಯಿತು, ಚಪ್ಪಲಿ ಮುಂದಿನ ಜಗಲಿಯ ಕೆಳಗೇ ಉಳಿದಿದೆ.

ಹೊಸ ಚಪ್ಪಲಿ. ಬಿಡುವುದಕ್ಕೆ ಮನಸ್ಸು ಬರಲಿಲ್ಲ. ಇತಿಹಾಸ ಬದಲಿಸಿದವನು ಓಣಿಯ ಕೊನೆಯವರೆಗೆ ಕುಂಟಿಕೊಂಡು ಹೋಗಿ, ಇಡೀ ಬೀದಿ ಸುತ್ತಿ, ಮತ್ತೆ ಮುಂಬಾಗಿಲಿಗೆ ಬಂದ. ಹಜಾರದವರೆಲ್ಲ ನೋಡುತ್ತಿದ್ದರು. ಚಪ್ಪಲಿ ಮೆಟ್ಟಿಕೊಂಡ. ಏನಾದರೂ ಹೇಳಬೇಕು ಅನ್ನಿಸಿತು. "ಬರ್ತೀನಿ ಸಾರ್," ಎಂದ. ಅಭ್ಯಾಸಬಲ.

ಅವ್ವ ಕೇರಿಯ ತುದಿಯಲ್ಲೇ ಕಾಯುತ್ತಿದ್ದಳು. ಸೀರೆ ಬದಲಾಯಿಸಿದ್ದಳು. ಹತ್ತಿರ ಬಂದೊಡನೆ ಅವನ ತೋಳು ಹಿಡಿದಳು.

"ಲೋಟದಾಗೆ ಕೊಟ್ರಾ?"

ಅವನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವಳು ಸಿಟ್ಟಿಗೆ ಒಡೆದದ್ದಲ್ಲ. ಪಿಂಗಾಣಿ ಇಲ್ಲದಿದ್ದರೆ ಬೇರೆ ದಾರಿ ಇಲ್ಲದೆ ಮಗನಿಗೂ ಎಲ್ಲರ ಹಾಗೆ ಲೋಟದಲ್ಲಿ ಕೊಡುತ್ತಾರೆ ಎಂದುಕೊಂಡು ಒಡೆದಿದ್ದಳು. ಅಷ್ಟು ಸಣ್ಣ ಆಸೆ. ಅವನಿಗೆ ಅಳು ಬಂತು. ಬೀದಿಯಲ್ಲೇ ಅತ್ತ.

"ಕಾಫೀನೇ ಕೊಡ್ಲಿಲ್ಲ ಕಣವ್ವ."

ಪುಟ್ಟತಾಯಮ್ಮ ತೋಳು ಬಿಟ್ಟಳು. ಅವನು ನಡೆದದ್ದೆಲ್ಲ ಹೇಳಿದ. ಚಪ್ಪಲಿಯ ಸಂಗತಿಯನ್ನೂ ಹೇಳಿದ. ಅಷ್ಟರಲ್ಲಿ ಬಂದು ಕೇಳಿಸಿಕೊಂಡ ಬೀರಯ್ಯ ತಲೆ ಚಚ್ಚಿಕೊಂಡ. "ಅವ್ವ ಮಗ ಸೇರ್ಕಂಡು ಒಂದು ಮುರುಕ್ಲು ಕಪ್ಪಿಗೆ ಮೇಷ್ಟ್ರು ಕೆಲ್ಸ ಕಳ್ಕಂಡ್ರಲ್ಲ. ಇನ್ನೂ ಎಷ್ಟು ವರ್ಷ ಹೊರ್ತೀಯಕ್ಕ ನೀನು?"

"ಹೊರ್ತೀನಿ," ಎಂದಳು ಅವಳು. "ಆ ಮನೇದು ಹೊರಾಕಿಲ್ಲ."

ಮಾರನೆಯ ಬೆಳಿಗ್ಗೆ ಓಣಿಯ ಹೆಂಗಸರಿಗೆ ಅವಳು ಹೆಚ್ಚು ಹೇಳಲಿಲ್ಲ. "ಪಾರಿಜಾತದ ಮನೆ ಬಾಗ್ಲು ಎತ್ತಬ್ಯಾಡಿ," ಎಂದಳು. ಯಾಕೆ ಎಂದು ಅವರು ಕೇಳಿದರು. ಹೇಳಿದಳು. ಅವರೂ ಎತ್ತಲಿಲ್ಲ. ಅವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗೋಡೆಯ ಗೂಡಿನಲ್ಲಿ ಒಂದೊಂದು ಕಪ್ಪು ಇತ್ತು. ಮುನಿಸಿಪಾಲಿಟಿಯ ಮೇಸ್ತ್ರಿ ಬಂದು ಕೂಗಾಡಿದ. ಕೆಲಸದಿಂದ ತೆಗೆಸುತ್ತೇನೆ ಎಂದ. "ನೀನೇ ಎತ್ತು ಸ್ವಾಮಿ, ಬುಟ್ಟಿ ಇಲ್ಲೇ ಅದೆ," ಎಂದು ಒಬ್ಬಳು ಬುಟ್ಟಿ ಮುಂದೆ ಹಿಡಿದಳು. ಮೇಸ್ತ್ರಿ ಬೀಡಿ ಹಚ್ಚಿಕೊಂಡು ಗಾಡಿಯ ಕಡೆ ಹೋದ.

ಮೂರು ದಿನಕ್ಕೆ ಡಬ್ಬ ತುಂಬಿತು. ಆಮೇಲೆ ಹರಿಯಿತು. ವಾಸನೆ ಮೊದಲು ಪಾರಿಜಾತದ ಬುಡಕ್ಕೆ ಬಂತು, ಅಲ್ಲಿಂದ ಬಾವಿಯ ಹತ್ತಿರ, ನಡುಮನೆಗೆ, ಹಜಾರಕ್ಕೆ. ಲೋಕವೆಲ್ಲ ಒಪ್ಪುವಂಥ ಅನುಭವ ಯಾವುದು ಎಂದು ಚೆಲುವರಾಜು ಪ್ರಬಂಧದಲ್ಲಿ ಬಹಳ ತಡಕಾಡಿದ್ದ. ಇದಕ್ಕೆ ಮಾತ್ರ ಇಡೀ ಬೀದಿ ಒಂದೇ ಸಮನೆ ಹೂಂಗುಟ್ಟಿತು. ಆ ಭಾನುವಾರ ಗೋಷ್ಠಿ ನಡೆಯಲಿಲ್ಲ.

ಚೆಲುವರಾಜು ಆ ವಾರ ಅವ್ವನ ಜೊತೆ ಓಣಿಗೆ ಹೋಗುತ್ತಿದ್ದ. ಮೇಸ್ತ್ರಿ ಕೈಮಾಡಿದರೆ ನಡುವೆ ನಿಲ್ಲುವುದಕ್ಕೆ ಎಂದು ಹೇಳಿಕೊಂಡಿದ್ದ. ಮೇಸ್ತ್ರಿ ಅವನ ಎರಡರಷ್ಟಿದ್ದ. ಬುಟ್ಟಿಗೆ ಕೈ ಹಾಕಲು ಹೋದಾಗ ಅವ್ವ ಬಿಡಲಿಲ್ಲ. "ಇದು ನನ್ ತಲೆಗೇ ಮುಗೀಲಿ," ಎಂದಳು. ಹಾಗಾಗಿ ಅವನು ಸುಮ್ಮನೆ ನಿಂತಿರುತ್ತಿದ್ದ. ಮೊದಲ ದಿನ ಗೋಡೆ ಹಿಡಿದು ವಾಂತಿ ಮಾಡಿದ. ಇಷ್ಟು ವರ್ಷ ಇದರ ಅನ್ನ ಉಂಡವನು ಇದರ ವಾಸನೆಗೆ ವಾಂತಿ ಮಾಡುತ್ತಿದ್ದೇನೆ ಎಂದು ಮತ್ತೊಮ್ಮೆ ವಾಂತಿ ಮಾಡಿದ.

ಸೋಮವಾರ ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆಯಿತು. ಪ್ರೊಫೆಸರ್ ಅನಂತಪದ್ಮನಾಭ ಅವರೇ ಬಂದರು. ಉತ್ತರೀಯದ ತುದಿ ಮೂಗಿನ ಮೇಲಿತ್ತು. ತಮ್ಮ ಮನೆಯ ಬೆನ್ನನ್ನು ಅವರು ಹೊರಗಿನಿಂದ ನೋಡಿದ್ದು ಅದೇ ಮೊದಲಿರಬೇಕು. ಒಂದು ಕ್ಷಣ ಮನೆ ಯಾರದೆಂದು ತಿಳಿಯದವರ ಹಾಗೆ ನಿಂತರು. ಬುಟ್ಟಿಯ ಪಕ್ಕದಲ್ಲಿ ನಿಂತಿದ್ದ ತಮ್ಮ ಶಿಷ್ಯನನ್ನು ಕಂಡು ಕಣ್ಣು ತಗ್ಗಿಸಿದರು. ಅವರ ಕೈಯಲ್ಲಿ ಕಾಫಿ ಇತ್ತು. ಹೊಗೆಯಾಡುತ್ತಿತ್ತು. ಹೊಸ ಪಿಂಗಾಣಿ ಕಪ್ಪು. ಕೆಂಪು ಹೂವಿನದು. ಹಿಡಿ ಗಟ್ಟಿಯಾಗಿತ್ತು.

"ಪುಟ್ಟತಾಯಮ್ಮನವರೇ," ಎಂದರು. ದನಿಯಲ್ಲಿ ಸುಳ್ಳಿರಲಿಲ್ಲ. "ಆದದ್ದು ಆಗಿಹೋಯಿತು. ನಿಮಗೆ ಅಂತಲೇ ಹೊಸದು ತರಿಸಿದ್ದೀನಿ. ಯಾರೂ ಮುಟ್ಟಿಲ್ಲ. ಮಗನಿಗೂ ಒಂದು ಬೇರೆ ತರಿಸಿದ್ದೀನಿ. ವೃಷಭೇಂದ್ರಪ್ಪನವರ ಹತ್ತಿರ ನಾನು ಮಾತಾಡ್ತೀನಿ, ಜಾಗ ಇನ್ನೂ ತುಂಬಿಲ್ಲ."

ಹೇಳುತ್ತ ಹೇಳುತ್ತ ಅವರ ಕೈ ತಾನಾಗಿ ಕಪ್ಪನ್ನು ಗೋಡೆಯ ಗೂಡಿನಲ್ಲಿ ಇಟ್ಟಿತು. ಏನೋ ನೆನಪಾಗಿ ಮತ್ತೆ ತೆಗೆದು ಅವಳ ಕಡೆ ಚಾಚಿದರು.

ಜಾಗ ಇನ್ನೂ ತುಂಬಿಲ್ಲ. ಚೆಲುವರಾಜುವಿಗೆ ಅದೊಂದು ಮಾತು ಕೇಳಿಸಿತು. ತಗೋ ಅವ್ವ, ಒಂದು ಕಪ್ಪು ತಾನೆ, ಎಂದು ನಾಲಿಗೆಯ ತುದಿಗೆ ಬಂತು. ಬಂದದ್ದು ನಿಜ. ಅವನು ಹಲ್ಲು ಕಚ್ಚಿಕೊಂಡ.

ಪುಟ್ಟತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಕಪ್ಪು ತೆಗೆದುಕೊಂಡಳು. ಕಾಫಿ ಕುಡಿದಳು. ಆತುರಪಡದೆ, ಆರಿಸಿಕೊಂಡು, ಕೊನೆಯ ಗುಟುಕಿನವರೆಗೂ ಕುಡಿದಳು. ಕಪ್ಪನ್ನು ತಿರುಗಿಸಿ ಕೆಂಪು ಹೂವನ್ನು ನೋಡಿದಳು.

"ಚೆನ್ನಾಗದೆ ಸ್ವಾಮಿ," ಎಂದಳು. "ಭಾಳ ಚೆನ್ನಾಗದೆ."

ಪ್ರೊಫೆಸರರ ಮುಖ ಅರಳಿತು. ಅವಳು ಕೈ ಬಿಟ್ಟಳು. ಕಪ್ಪು ಕಲ್ಲಿನ ಮೇಲೆ ಬಿದ್ದು ಚೂರಾಯಿತು.

"ಲೋಟ ತರ್ರಿ," ಎಂದಳು. "ಅಲ್ಲೀಗಂಟ ಬಾಗ್ಲು ಅಂಗೇ ಇರ್ಲಿ."

ಬುಟ್ಟಿ ಎತ್ತಿಕೊಂಡು ಅವಳು ನಾಯಿ ಮನೆಯ ಕಡೆ ನಡೆದಳು. ಪ್ರೊಫೆಸರರು ಬಾಗಿಲಲ್ಲೇ ನಿಂತಿದ್ದರು. ಮಗನಿಂದ ಏನೋ ಒಂದು ಮಾತು ಬರುತ್ತದೆಂದು ಕಾದರು. ಸಮುದಾಯದ ಬಗ್ಗೆ, ಚೆಲುವಿನ ಬಗ್ಗೆ ಅವನ ಹತ್ತಿರ ಬೇಕಾದಷ್ಟು ಮಾತುಗಳಿದ್ದವು.

ಚೆಲುವರಾಜು ಕುಕ್ಕರಗಾಲಲ್ಲಿ ಕೂತು ಕಪ್ಪಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ. ಇನ್ನೇನು ಉಳಿದ ಹೆಂಗಸರು ಬರುವ ಹೊತ್ತು. ಅವರೆಲ್ಲ ಬರಿಗಾಲಿನವರು.